ಒಂದನೇ ಕ್ಯಾಸೆಟ್ಟಿನ ಪರವಾಗಿ

ನನ್ನ ಮದುವೆಯ ಮಾತುಕತೆ ಒಂದು ಜಪಾನಿ ವಿಡಿಯೋ ಗೇಮಿನ ದೆಸೆಯಿಂದ ಮುರಿದು ಬೀಳುವುದರಲ್ಲಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಆಗಿನವರೂ ನಂಬಿರಲಿಲ್ಲ. ನಂಬಿಸುವುದಕ್ಕಾಗಿ ನಾನು ನನ್ನ ಭಾವಿ ಮಾವನವರ ಎದುರು ಕೂತು ಆಟ ಆಡಿ ತೋರಿಸಬೇಕಾಯಿತು.

ಅದು ತೊಂಬತ್ತರ ದಶಕದ ನಡುಭಾಗ. ನನಗೆ ಇಪ್ಪತ್ತೇಳು ವರ್ಷ, ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮದು ತೊಣ್ಣೂರಿನ ಕಡೆಯ ಒಕ್ಕಲು ಮನೆತನ. ಅಪ್ಪ ಹೋದ ಮೇಲೆ ಗದ್ದೆಯನ್ನು ಚಿಕ್ಕಪ್ಪನವರು ನೋಡಿಕೊಳ್ಳುತ್ತಿದ್ದರು. ನನಗೆ ಅಡುಗೆ ಮಾಡಿ ಹಾಕಲೆಂದು ಅವ್ವ ನನ್ನ ಬಾಡಿಗೆ ಮನೆಗೆ ಬಂದಿದ್ದಳು. ಬರುವಾಗ ಒಂದು ಎಮ್ಮೆಯನ್ನೂ ಹೊಡೆದುಕೊಂಡು ಬಂದಿದ್ದಳು. ಆ ಮನೆಯಲ್ಲಿ ಹಿತ್ತಲು ಇದ್ದದ್ದು ಎಮ್ಮೆಯ ಪುಣ್ಯ.

ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ ಶುರುವಾಗಿತ್ತು. ಹುಡುಗರು ಕೊನೆಯ ಪೀರಿಯಡ್ಡಿಗೆ ಚಕ್ಕರ್ ಹೊಡೆದು ಅಲ್ಲಿಗೆ ಹೋಗುತ್ತಿದ್ದರು. ಪ್ರಾರ್ಥನೆಯ ಸಮಯದಲ್ಲಿ ಅದರ ವಿರುದ್ಧ ಮಾತಾಡುವ ಕೆಲಸವನ್ನು ಹೆಡ್‌ಮಾಸ್ಟರು ನನಗೆ ವಹಿಸಿದ್ದರು. ಕಣ್ಣು ಹಾಳಾಗುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಮನುಷ್ಯ ಯಾವುದಕ್ಕೂ ಬಾರದವನಾಗುತ್ತಾನೆ ಎಂದು ನಾನು ವಾರಕ್ಕೊಂದು ಸಲ ಕೈ ಎತ್ತಿ ಎತ್ತಿ ಹೇಳುತ್ತಿದ್ದೆ. ಭಾಷಣ ಚೆನ್ನಾಗಿರುತ್ತಿತ್ತು. ಚೆನ್ನಾಗಿರದೆ ಏನು, ಹಿಂದಿನ ಸಂಜೆಯೆಲ್ಲ ನಾನು ಸ್ವಂತ ಅನುಭವದಿಂದ ಅದನ್ನು ತಯಾರಿಸಿರುತ್ತಿದ್ದೆ.

ಆಟದ ಪೆಟ್ಟಿಗೆಯನ್ನು ನನಗೆ ಅಂಟಿಸಿದವರು ಭಾವ. ಅಕ್ಕನ ಗಂಡ. ಕೆ.ಆರ್. ಪೇಟೆಯಲ್ಲಿ ಅವರದು ಟಿವಿ ರಿಪೇರಿ ಅಂಗಡಿ. ಬೆಂಗಳೂರಿಗೆ ಬಿಡಿಭಾಗ ತರಲು ಹೋದಾಗ ಯಾರೋ ಒಂದು ಚೀಲ ಆಟದ ಕ್ಯಾಸೆಟ್ಟುಗಳನ್ನು ಅವರ ತಲೆಗೆ ಕಟ್ಟಿದ್ದರು. ಗುಂಡು ಹಾರಿಸುವವು, ಕಾರು ಓಡಿಸುವವು, ಅಣಬೆ ತಿಂದು ನೆಗೆಯುವವು ಒಂದೇ ವಾರದಲ್ಲಿ ಖಾಲಿಯಾದವು. ಉಳಿದವು ಮೂರು. ಮೂರರ ಮೇಲೂ ಒಂದೇ ತರಹದ ಚಿತ್ರ, ಒಂದೇ ತರಹದ ಅಕ್ಷರ. ಒಂದರ ಮೇಲೆ ಅಂಕಿ ಇಲ್ಲ, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಮೂರು. ಅಂಕಿ ಇಲ್ಲದ್ದನ್ನು ಭಾವ ನನ್ನ ಕೈಗೆ ಹಾಕಿದರು.

"ತಗಳ್ಲಾ, ಇದು ನಿಂಗೇ ಸರಿ. ಇದ್ರಲ್ಲಿ ಏನೂ ಆಗಾಕಿಲ್ಲ. ಬರೀ ಅಕ್ಸರ ಬತ್ತವೆ. ನಮ್ ಗಿರಾಕಿಗಳು ಅಕ್ಸರ ಕಂಡ್ರೆ ಓಡೋಯ್ತಾರೆ."

ಅವರು ಹೇಳಿದ್ದು ಮುಕ್ಕಾಲು ನಿಜ. ಟಿವಿಗೆ ವೈರು ಸಿಕ್ಕಿಸಿ ಆನ್ ಮಾಡಿದರೆ ಒಬ್ಬ ರಾಜ ಸಿಂಹಾಸನದ ಮೇಲೆ ಕೂತು ಏನೇನೋ ಹೇಳುತ್ತಿದ್ದ. ಎಲ್ಲವೂ ಜಪಾನಿ. ಅವನ ಮುಂದೆ ಒಬ್ಬ ಗಿಡ್ಡ ಯುವಕ, ಅವನೇ ನಾವು. ಅವನು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಮುಖವನ್ನು ಮಾತ್ರ ನಮ್ಮ ಕಡೆಗೇ ಇಟ್ಟುಕೊಂಡು ಏಡಿಯ ಹಾಗೆ ನಡೆಯುತ್ತಿದ್ದ. ಅರಮನೆಯಿಂದ ಹೊರಗೆ ಬಂದರೆ ಬಯಲು, ಗುಡ್ಡ, ನೀರು. ನೀರಿನ ಆಚೆ ದಡದಲ್ಲಿ ಶತ್ರುವಿನ ಕೋಟೆ ಮೊದಲ ನಿಮಿಷದಲ್ಲೇ ಕಾಣುತ್ತಿತ್ತು. ಆದರೆ ಅಲ್ಲಿಗೆ ಹೋಗಲು ಭೂಮಿಯೆಲ್ಲ ಸುತ್ತಬೇಕು. ನಾಲ್ಕು ಹೆಜ್ಜೆಗೊಂದು ಸಲ ಪಿಶಾಚಿಯೋ ಹುಳವೋ ಎದುರಾಗುತ್ತಿತ್ತು. ನಾನು ಹೊಡೆಯಬೇಕು, ಆಮೇಲೆ ಅದು ಹೊಡೆಯಬೇಕು. ಅವಸರವಿಲ್ಲ. ಕಾಫಿ ಕುಡಿದು ಬಂದರೂ ಅದು ನನ್ನ ಸರದಿಗಾಗಿ ಕಾಯುತ್ತ ನಿಂತಿರುತ್ತಿತ್ತು. ಇಷ್ಟು ಮರ್ಯಾದಸ್ಥ ಪಿಶಾಚಿಗಳನ್ನು ನಾನು ಬೇರೆಲ್ಲೂ ನೋಡಿಲ್ಲ.

ತೊಂದರೆ ಇದ್ದದ್ದು ಕರೆಂಟಿನದು. ಕರೆಂಟು ಹೋದರೆ ಆಟ ಮತ್ತೆ ಮೊದಲಿನಿಂದ. ಹೀಗೆ ಇಪ್ಪತ್ತು ಸಲ ಮೊದಲಿನಿಂದ ಶುರು ಮಾಡಿದ ಮೇಲೆ ಒಂದು ವಿಷಯ ನನಗೆ ಹೊಳೆಯಿತು. ರಾಜನ ಬಳಿ ಹೋದಾಗಲೆಲ್ಲ ಮಾತಿನ ಕೊನೆಯಲ್ಲಿ ಅವನು ಇಪ್ಪತ್ತು ಅಕ್ಷರ ತೋರಿಸುತ್ತಿದ್ದ. ಆ ಇಪ್ಪತ್ತು ಪ್ರತಿ ಸಲವೂ ಬೇರೆ ಬೇರೆ. ಆಟದ ಆರಂಭದಲ್ಲಿ ಇನ್ನೊಂದು ಬಾಗಿಲಿತ್ತು, ಅಲ್ಲಿ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಜೋಡಿಸಬಹುದಿತ್ತು. ರಾಜ ಕೊಟ್ಟ ಇಪ್ಪತ್ತನ್ನು ಅಲ್ಲಿ ಜೋಡಿಸಿದೆ. ಏಡಿ ಯುವಕ ಹಿಂದಿನ ದಿನದ ಕತ್ತಿ ಗುರಾಣಿಗಳ ಸಮೇತ ಎದ್ದು ನಿಂತ. ಗಣಿತದಲ್ಲಿ ನಾನು ಮಾಡಿದ ಏಕೈಕ ಸಂಶೋಧನೆ ಅದು.

ಆದರೆ ಗೊತ್ತಿಲ್ಲದ ಲಿಪಿಯನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಸುಲಭವಲ್ಲ. ಒಂದು ಕೊಂಡಿ ತಪ್ಪಿದರೂ ಆಟ ಒಪ್ಪುತ್ತಿರಲಿಲ್ಲ. ಈ ಕೆಲಸಕ್ಕೆ ಒದಗಿದವಳು ಅವ್ವ. ಅವ್ವ ಶಾಲೆಯ ಮುಖ ನೋಡಿದವಳಲ್ಲ. ಸಾಕ್ಷರತಾ ಆಂದೋಲನದ ಜಾಥಾದಲ್ಲಿ ನಾನೇ ಮುಂದೆ ನಿಂತು ಘೋಷಣೆ ಕೂಗಿದ್ದೆ, ಆದರೆ ಮನೆಯಲ್ಲಿ ಅವಳಿಗೆ 'ಅ' ಬರೆಸಲು ನನ್ನಿಂದ ಆಗಿರಲಿಲ್ಲ. ಅಂಥವಳು ಹುರುಳಿ ಹಸನು ಮಾಡುತ್ತ ಟಿವಿಯ ಕಡೆ ನೋಡಿ, "ಅದ್ ಕುಡ್ಲು. ಅದರ ಪಕ್ಕ ಗಾಳ. ಅಲ್ಲಿ ಚಕ್ಲಿ. ಆಮೇಲೆ ಎಲ್ಡು ಬೆಂಡೇಕಾಯಿ" ಎಂದು ಹೇಳತೊಡಗಿದಳು. ಕುಡುಗೋಲಿನ ಪಕ್ಕ ಎರಡು ಚುಕ್ಕಿ ಇದ್ದರೆ, "ಕುಡ್ಲು ಮ್ಯಾಲೆ ಎಲ್ಡು ನೊಣ ಕೂತವೆ, ಬರ್ಕ" ಎನ್ನುತ್ತಿದ್ದಳು. ನನ್ನ ಕಣ್ಣು ತಪ್ಪುತ್ತಿತ್ತು, ಅವಳದು ತಪ್ಪುತ್ತಿರಲಿಲ್ಲ. ಕನ್ನಡ ಬಾರದ ನಮ್ಮ ಅವ್ವ ಎರಡೇ ತಿಂಗಳಲ್ಲಿ ಜಪಾನಿ ಅಕ್ಷರಸ್ಥೆಯಾದಳು. ಜಾಥಾದವರಿಗೆ ನಾನು ಇದನ್ನು ವರದಿ ಮಾಡಲಿಲ್ಲ.

ಎರಡನೇ ಕ್ಯಾಸೆಟ್ಟು ಭಾವನ ಅಂಗಡಿಯಲ್ಲೇ ಉಳಿದಿತ್ತು. ಭಾನುವಾರ ಕೆ.ಆರ್. ಪೇಟೆಗೆ ಹೋಗಿ, ರಿಪೇರಿಗೆ ಬಂದ ಯಾವುದಾದರೊಂದು ಟಿವಿಯಲ್ಲಿ ಅದನ್ನು ಆಡುತ್ತಿದ್ದೆ. ಅದರಲ್ಲಿ ಮೂವರು ದಾಯಾದಿಗಳು. ಮೊದಲು ಒಬ್ಬನೇ ಹೊರಟು ಉಳಿದಿಬ್ಬರನ್ನು ಹುಡುಕಿಕೊಳ್ಳಬೇಕು. ಆ ಎರಡನೆಯ ರಾಜಕುಮಾರ ಎಲ್ಲೂ ಸಿಗಲಿಲ್ಲ. ಮೂರು ಭಾನುವಾರ ಊರೂರು ಅಲೆದೆ. ಕೊನೆಗೆ ನೋಡಿದರೆ, ನಾನು ಆಗಲೇ ಹೋಗಿ ಬಂದಿದ್ದ ಊರಿನ ಛತ್ರದಲ್ಲಿ ಆರಾಮಾಗಿ ನಿಂತಿದ್ದ. ಜೊತೆಗೆ ಬಂದ ಮೇಲಾದರೂ ಕೆಲಸಕ್ಕೆ ಬಂದನೇ, ಇಲ್ಲ. ಪ್ರತಿ ಜಗಳದಲ್ಲೂ ಮೊದಲು ಸಾಯುವವನು ಅವನೇ. ಸತ್ತವನ ಶವಪೆಟ್ಟಿಗೆಯನ್ನು ಉಳಿದವರು ಎಳೆದುಕೊಂಡು ಓಡಾಡಬೇಕು. ಮೇಲಾಗಿ ಇದರ ರಾಜ ಕೊಡುತ್ತಿದ್ದದ್ದು ಇಪ್ಪತ್ತಲ್ಲ, ಐವತ್ತೆರಡು ಅಕ್ಷರ. ಅಲ್ಲಿ ಅವ್ವನೂ ಇರಲಿಲ್ಲ.

"ಒಂದನೇದರ ಮುಂದೆ ಇದು ಏನೇನೂ ಅಲ್ಲ ಭಾವ" ಎಂದೆ. "ಅದರಲ್ಲಿ ಒಂದು ಘನತೆ ಇದೆ. ಒಬ್ಬನೇ ಹೋಗ್ತಾನೆ, ಒಬ್ಬನೇ ಗೆಲ್ತಾನೆ."

ಭಾವ ಸೋಲ್ಡರಿಂಗ್ ಹೊಗೆಯ ಹಿಂದಿನಿಂದ, "ಎಲ್ಡೂ ಒಂದೇ ಕಣ್ಲಾ" ಎಂದರು. "ಇದ್ರಲ್ಲೂ ನಡೀತಾನೆ, ಒಡೀತಾನೆ, ಸಾಯ್ತಾನೆ. ಅದ್ರಲ್ಲೂ ನಡೀತಾನೆ, ಒಡೀತಾನೆ, ಸಾಯ್ತಾನೆ." ಆಮೇಲೆ ತಲೆ ಎತ್ತಿ ನನ್ನನ್ನೇ ನೋಡುತ್ತ, "ನಾಗಮಂಗಲದಲ್ಲಿ ಒಂದ್ ಉಡ್ಗಿ ಅವ್ಳೆ. ಅವ್ರ ಮನೆ ಟಿವಿ ಮಾಡಾಕೋದಾಗ ಮೂರ್ನೇ ಕ್ಯಾಸೆಟ್ಟ ಪೆಟ್ಗೆ ಸಮೇತ ಅಲ್ಲೇ ಬುಟ್‌ಬಂದೆ. ಅವ್ಳೂ ನಿನ್ನಂಗೇ ಕೆಟ್ಟೋಗವ್ಳೆ. ಹೊಣಕೆರೆ ಸ್ಕೂಲಲ್ಲಿ ಮೇಡಮ್ಮು. ಜಾತಕ ತರಿಸ್ಲಾ?" ಎಂದರು.

ಹುಡುಗಿ ನೋಡುವುದಕ್ಕೆ ಒಪ್ಪಿಕೊಂಡೆ. ನಾನು ಒಪ್ಪಿಕೊಂಡದ್ದು ಮೂರನೇ ಕ್ಯಾಸೆಟ್ಟನ್ನು ನೋಡುವುದಕ್ಕೆ ಎಂಬುದನ್ನು ಅವ್ವನಿಗೆ ಹೇಳಲಿಲ್ಲ.

ನಾಗಮಂಗಲದ ಅವರ ಮನೆಯಲ್ಲಿ ಕಲರ್ ಟಿವಿ ಇತ್ತು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಹುಡುಗಿಯ ತಂದೆ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಡೈರಿಯಲ್ಲೇ ಇರುತ್ತಿದ್ದ ಅವರಿಗೆ ಮಗಳ ಆಟದ ವಿಷಯ ಗೊತ್ತಿರಲಿಲ್ಲ. ಹಾಲಿಗೆ ನೀರು ಬೆರೆಸಿದವರನ್ನು ಮಾಪಕ ಇಳಿಬಿಡುವ ಮೊದಲೇ ಮುಖ ನೋಡಿ ಹಿಡಿಯುವವರೆಂದು ಹೆಸರಾದವರು. ಅವರು ನನ್ನ ಮುಖವನ್ನೂ ಅದೇ ರೀತಿ ನೋಡುತ್ತಿದ್ದರು. ಕೇಸರಿಬಾತು ಬಂತು, ಖಾರಾಬಾತು ಬಂತು, ಕಾಫಿ ಹಿಡಿದುಕೊಂಡು ಹುಡುಗಿ ಬಂದಳು.

"ಮಾತಾಡಾದಿದ್ರೆ ಮಾತಾಡ್ಕಳಿ. ಈಗಿನ ಕಾಲ" ಎಂದರು ತಂದೆ ಉದಾರವಾಗಿ. ಎದ್ದು ಮಾತ್ರ ಹೋಗಲಿಲ್ಲ. ಭಾವ, ಅವ್ವ ಕೂಡ ಕಿವಿ ನೆಟ್ಟಗೆ ಮಾಡಿಕೊಂಡು ಕೂತರು.

ನಾನು ಗಂಟಲು ಸರಿಮಾಡಿಕೊಂಡು, "ಮೂರನೇದು ನಿಮ್ಮ ಹತ್ರ ಇದೆಯಂತೆ" ಎಂದೆ.

ಅವಳು ಚೂರೂ ಗಾಬರಿಯಾಗಲಿಲ್ಲ. "ಇದೆ. ನಿಮ್ಮ ಹತ್ರ ಒಂದನೇದಂತೆ?"

"ಹೌದು. ಒಂದನೇದೇ ಚೆಂದ."

"ಮೂರನೇದು ನೋಡ್ದೆ ಹೆಂಗೆ ಹೇಳ್ತೀರಿ?"

"ಒಂದನೇದರಲ್ಲಿ ಒಬ್ಬನೇ ಹೋಗ್ತಾನೆ. ಯಾರ ಹಂಗೂ ಇಲ್ಲ."

"ಒಬ್ಬನೇ ಹೋಗಿ ಸಾಯೋದ್ರಲ್ಲಿ ಏನು ಚೆಂದ?" ಎಂದಳು. "ನಾಲ್ಕು ಜನ ಇದ್ರೆ ಒಬ್ರು ಬಿದ್ರೂ ಇನ್ನೊಬ್ರು ಎತ್ತುತಾರೆ. ಒಬ್ಬೊಬ್ರಿಗೆ ಒಂದೊಂದು ಕೆಲಸ. ಅದು ಸಂಸಾರ ಇದ್ದಂಗೆ ಇರುತ್ತೆ."

ಅವ್ವನಿಗೆ ಇಷ್ಟು ಸಾಕಾಯಿತು. ಕೂಡುಕುಟುಂಬವನ್ನು ಇಷ್ಟು ಚೆನ್ನಾಗಿ ಹೊಗಳುವ ಹುಡುಗಿಯನ್ನು ಅವಳು ಆ ಕಾಲದಲ್ಲಿ ಕಂಡಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ, "ನಾಕು ಜನ ಇರ್ಬೇಕು ಅಂದ್ಳಲ್ಲ, ಅದೇನ್ ಗುಣವಂತೆ" ಎಂದು ಹೇಳುತ್ತ ಬಂದಳು. ಆ ಕಡೆ, ಹುಡುಗ ಒಂಟಿ ಬುದ್ಧಿಯವನು, ಯಾರ ಹಂಗೂ ಬೇಡ ಅನ್ನುತ್ತಾನೆ ಎಂದು ಅವಳ ತಂದೆ ಭಾವನ ಮುಂದೆ ಅನುಮಾನ ತೋಡಿಕೊಂಡರಂತೆ. ಆದರೂ ಮಾತು ನಿಲ್ಲಲಿಲ್ಲ. ಆಷಾಢ ಕಳೆಯಲಿ, ಆಮೇಲೆ ನಿಶ್ಚಿತಾರ್ಥ ಇಟ್ಟುಕೊಳ್ಳೋಣ ಎಂದಾಯಿತು.

ಆಷಾಢದಲ್ಲಿ ನಾವು ಕಾಗದ ಬರೆದುಕೊಳ್ಳಲು ಶುರು ಮಾಡಿದೆವು. ಅವಳು ಶಾಲೆಯ ವಿಳಾಸ ಕೊಟ್ಟಿದ್ದಳು. ನಮ್ಮ ಸ್ಟಾಫ್ ರೂಮಿನಲ್ಲಿ ನನಗೆ ಇನ್‌ಲ್ಯಾಂಡ್ ಲೆಟರು ಬಂದಾಗಲೆಲ್ಲ ಉಳಿದವರು ಕೆಮ್ಮುತ್ತಿದ್ದರು. ಒಳಗೆ ಏನಿರುತ್ತಿತ್ತೆಂದು ಅವರಿಗೆ ಗೊತ್ತಾಗಿದ್ದರೆ ಕೆಮ್ಮು ನಿಲ್ಲುತ್ತಿತ್ತು. ಮೂರನೆಯದರಲ್ಲಿ ಒಂದು ಹೆಂಡದಂಗಡಿ ಇದೆ, ಅಲ್ಲಿ ಹೋಗಿ ನಮಗೆ ಬೇಕಾದ ಜೊತೆಗಾರರನ್ನು ಆರಿಸಿಕೊಳ್ಳಬಹುದು ಎಂದು ಅವಳು ಬರೆದಿದ್ದಳು. ತಾನು ಕತ್ತಿ ಹಿಡಿದ ಒಬ್ಬ ಹೆಂಗಸನ್ನೂ ಒಬ್ಬ ಮುದಿ ಮಂತ್ರವಾದಿಯನ್ನೂ ಗಾಯ ವಾಸಿ ಮಾಡುವ ಒಬ್ಬ ಪೂಜಾರಿಯನ್ನೂ ಕಟ್ಟಿಕೊಂಡಿದ್ದೇನೆ ಎಂದೂ, ಮಂತ್ರವಾದಿ ಅನ್ನಕ್ಕೆ ದಂಡ ಎಂದೂ ತಿಳಿಸಿದ್ದಳು. ಅದಕ್ಕೆ ಉತ್ತರವಾಗಿ ನಾನು ಎರಡು ಇನ್‌ಲ್ಯಾಂಡಿನಷ್ಟು ಉದ್ದ ಬರೆದೆ. ಜೊತೆಗಾರರನ್ನು ಅಂಗಡಿಯಲ್ಲಿ ಆರಿಸುವುದು ಸಂತೆ ವ್ಯಾಪಾರ, ಮಾತೇ ಇಲ್ಲದ ಒಂಟಿ ದಾರಿ ತಪಸ್ಸು ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಇವತ್ತು ನೆನೆದರೆ ಮೈ ಬೆವರುತ್ತದೆ.

ಎಡವಟ್ಟಾದದ್ದು ಆ ಕಾಗದದ ಕೊನೆಯ ಪ್ಯಾರಾದಿಂದ. ಒಂದನೇ ಆಟದಲ್ಲಿ ರಾಜನ ಮಗಳನ್ನು ಒಂದು ಡ್ರ್ಯಾಗನ್ನು ಗುಹೆಯಲ್ಲಿ ಕೂಡಿಹಾಕಿರುತ್ತದೆ. ಅದನ್ನು ಕೊಂದರೆ ನಮ್ಮ ಯುವಕ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆಯುತ್ತಾನೆ. ಇದನ್ನು ನಾನು ವರ್ಣಿಸಿದ್ದೆ. ಆ ಕಾಗದ ಹೊಣಕೆರೆ ಮುಟ್ಟಿದ ದಿನ ಅವಳು ರಜೆಯ ಮೇಲಿದ್ದಳು. ಆ ಕಡೆ ಡೈರಿಯ ಕೆಲಸಕ್ಕೆ ಬಂದಿದ್ದ ತಂದೆಯ ಕೈಗೇ ಪೋಸ್ಟ್‌ಮ್ಯಾನ್ ಅದನ್ನು ಕೊಟ್ಟ. ಮನೆಯವರದೇ ಕಾಗದ ಮನೆಯವರಿಗೇ ಕೊಟ್ಟೆ ಎಂದು ಅವನ ಲೆಕ್ಕ.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹುಡುಗಿಯ ತಂದೆ ಪಾಂಡವಪುರದ ನಮ್ಮ ಮನೆಯ ಮುಂದೆ ಇಳಿದರು. ಜೊತೆಯಲ್ಲಿ ಭಾವ. ಭಾವನ ಮುಖ ನೋಡಿದರೆ ದಾರಿಯಲ್ಲಿ ಅವರನ್ನು ಚೆನ್ನಾಗಿ ಬೇಯಿಸಿ ಹಾಕಿದ್ದರು ಎಂದು ತಿಳಿಯುತ್ತಿತ್ತು.

ಅವ್ವ ಚಾಪೆ ಹಾಸಿದಳು. ಅವರು ಕೂರಲಿಲ್ಲ. ಷರಟಿನ ಜೇಬಿನಿಂದ ಕಾಗದ ತೆಗೆದರು.

"ಇದ ಬರ್ದೋರು ನೀವೇ ಏನ್ ಮೇಷ್ಟ್ರೆ?"

ನಾನೇ ಎಂದೆ. ಅವರು ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು: "ರಾಜನ ಮಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದೆ. ಅವಳನ್ನು ಅಪ್ಪನಿಗೆ ಒಪ್ಪಿಸಲೇಬೇಕು ಎಂಬ ಕಡ್ಡಾಯವೇನೂ ಇಲ್ಲ. ಎತ್ತಿಕೊಂಡೇ ಊರೂರು ಸುತ್ತಬಹುದು. ಛತ್ರದಲ್ಲಿ ಉಳಿಯಬಹುದು. ಯಾರೂ ಕೇಳುವವರಿಲ್ಲ. ನಿಮ್ಮ ಮೂರನೆಯದರಲ್ಲಿ ಇಂಥ ಸೌಲಭ್ಯ ಇದೆಯೆ?"

ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯಾವ್ಳನ್ಲಾ ಎತ್ಕಂಡೋಗಿದ್ದೀಯ? ಯಾವ್ ಛತ್ರ?"

"ಅವ್ವ, ಅದು ಆಟ!"

"ಎಣ್ ಮಕ್ಳ ವಿಸ್ಯ ನಿಮ್ಗೆ ಆಟವಾ?" ಎಂದು ಅವರು ಗುಡುಗಿದರು. "ಇಲ್ಲಿ ಎರಡ್ನೇದು ಮೂರ್ನೇದು ಅಂತ ಬೇರೆ ಬರ್ದಿದ್ದೀರಿ. ಯಾರದು ಒಂದ್ನೇದು? ಎಷ್ಟ್ ಮಂದಿ ಅವ್ರೆ?"

ಭಾವ ನಡುವೆ ಬಂದು, "ಅಣ್ಣ, ಅದು ನಾನೇ ಕೊಟ್ಟಿದ್ದು..." ಎಂದು ಶುರು ಮಾಡಿದರು. ಆ ಮಾತಿನಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ನಾನು ಬೇರೆ ದಾರಿ ಕಾಣದೆ ಟಿವಿ ಆನ್ ಮಾಡಿದೆ. "ತೋರಿಸ್ತೀನಿ, ಕೂತ್ಕೊಳ್ಳಿ. ನೋಡಿದ ಮೇಲೆ ನೀವು ಏನು ಹೇಳಿದ್ರೂ ಕೇಳ್ತೀನಿ."

ಕರೆಂಟು ಹೋಯಿತು.

ಮುಕ್ಕಾಲು ಗಂಟೆ ಬರಲಿಲ್ಲ. ಅವ್ವ ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಅವರು ಮೊದಲು ಮುಟ್ಟಲಿಲ್ಲ. ಆಮೇಲೆ ವೃತ್ತಿಧರ್ಮ ತಡೆಯಲಾರದೆ ಒಂದು ಗುಟುಕು ಕುಡಿದು, "ಎಮ್ಮೆ ಯಾವೂರುದು?" ಎಂದರು. ಮನೆಯದೇ ಎಂದು ಅವ್ವ ಹೇಳಿದಳು. ಚೊಂಬು ಖಾಲಿಯಾಯಿತು. ನನ್ನ ವಿಷಯದಲ್ಲಿ ಆದ ಮೊದಲ ಪ್ರಗತಿ ಅದು, ಅದೂ ಎಮ್ಮೆಯಿಂದ.

ಕರೆಂಟು ಬಂದಾಗ ನಾನು ನೋಟ್‌ಬುಕ್ಕು ತೆಗೆದು ಅಕ್ಷರ ಜೋಡಿಸಲು ಕೂತೆ. ಎರಡು ಸಲ ತಪ್ಪಾಯಿತು. ಅವ್ವ ಬಂದು ಪಕ್ಕದಲ್ಲಿ ಕೂತು ನೋಟ್‌ಬುಕ್ಕು ಕಿತ್ತುಕೊಂಡಳು. "ಗಾಳ. ಗುಡ್ಡ. ಬಸವನ್ ಉಳ. ಕುಡ್ಲು, ಎಲ್ಡು ನೊಣ..." ಹುಡುಗಿಯ ತಂದೆ ಒಮ್ಮೆ ಅವ್ವನನ್ನು, ಒಮ್ಮೆ ಟಿವಿಯನ್ನು ನೋಡಿದರು.

"ಇದ್ ಯಾವ್ ಭಾಷೆ ಅಮ್ಮಯ್ಯ?"

"ನಂಗೇನ್ ಗೊತ್ತಣ್ಣ" ಎಂದಳು ಅವ್ವ. "ಓದಾಕೆ ಬತ್ತದೆ ಅಷ್ಟೆ."

ಅರಮನೆಯಿಂದ ಗುಹೆಯವರೆಗೆ ಹೋಗಲು ಅರ್ಧ ಗಂಟೆ ಹಿಡಿಯಿತು. ದಾರಿಯಲ್ಲಿ ಊರು ಬಂದಾಗ ಅಭ್ಯಾಸಬಲದಿಂದ ಒಂದು ಮನೆಗೆ ನುಗ್ಗಿ ಪೆಟ್ಟಿಗೆ ತೆಗೆದೆ. "ಅಲ್ಲ ಕಣ್ರೀ, ಕಂಡೋರ್ ಮನೆ ಒಳಕ್ಕೆ ಇಂಗೆ ನುಗ್ತೀರಲ್ಲ, ಯಾರೂ ಕೇಳಾಕಿಲ್ವಾ?" ಎಂದರು. ಕೇಳುವುದಿಲ್ಲ ಎಂದೆ. ಅವರ ಹುಬ್ಬು ಗಂಟಿಕ್ಕಿತು. ನಾನು ಬೇರೆ ಯಾರ ಮನೆಗೂ ಹೋಗಲಿಲ್ಲ. ಡ್ರ್ಯಾಗನ್ನಿನ ಎದುರು ಮೊದಲ ಸಲ ನಾನು ಸತ್ತೆ. ಸತ್ತವನು ರಾಜನ ಎದುರು ಎದ್ದು ನಿಂತು ಬೈಸಿಕೊಳ್ಳುವುದನ್ನು ಕಂಡು ಅವರಿಗೆ ರಾಜನ ಮೇಲೆ ಗೌರವ ಹುಟ್ಟಿತು. ಎರಡನೆಯ ಸಲ ಡ್ರ್ಯಾಗನ್ನು ಸತ್ತಿತು. ನಮ್ಮ ಯುವಕ ಮೂಲೆಯಲ್ಲಿ ನಿಂತಿದ್ದ ರಾಜಕುಮಾರಿಯನ್ನು ಎತ್ತಿಕೊಂಡ. ನಮ್ಮ ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ ಅವಳು ಒಂದು ಸಣ್ಣ ಬಿಳಿ ಗಂಟಿನ ಹಾಗೆ ಕಾಣುತ್ತಿದ್ದಳು.

ಅವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. "ಇವ್ಳೆಯಾ?"

"ಇವಳೇ."

ಅವರು ಪರದೆಯ ಮೇಲಿನ ಬಿಳಿ ಗಂಟನ್ನು ಬೆರಳಿನಿಂದ ಅಳೆದರು. ಆಮೇಲೆ ಅವರು, "ಇಷ್ಟುದ್ದ ಅವ್ಳೆ ಪಾಪ" ಎಂದರು. ಮತ್ತೆ ಗಂಭೀರವಾಗಿ, "ಈಗ ಸೀದಾ ಅವರಪ್ಪನ್ ತಾವ್ಕೆ ಕರ್ಕಂಡೋಗಿ. ಅಲ್ಲಿ ಇಲ್ಲಿ ಸುತ್ಬ್ಯಾಡಿ" ಎಂದರು.

ನಾನು ಸೀದಾ ಕರೆದುಕೊಂಡು ಹೋದೆ. ದಾರಿಯಲ್ಲಿ ಛತ್ರವಿರುವ ಊರು ಬಂದಾಗ ಅವರು ಟಿವಿಯನ್ನು ಬಿಟ್ಟು ನನ್ನ ಹೆಬ್ಬೆರಳುಗಳನ್ನೇ ನೋಡುತ್ತಿದ್ದರು. ಅರಮನೆ ಸೇರಿ, ರಾಜಕುಮಾರಿ ಅಪ್ಪನ ಪಕ್ಕದಲ್ಲಿ ಕೂತು, ರಾಜ ಏನೋ ನಾಲ್ಕು ಮಾತು ಹೇಳಿದ ಮೇಲೆಯೇ ಅವರು ಬೆನ್ನು ಹಿಂದಕ್ಕೆ ಒರಗಿಸಿದ್ದು. ಕಾಗದವನ್ನು ಮಡಚಿ ನನಗೆ ವಾಪಸು ಕೊಟ್ಟರು. ಭಾವನಿಗೆ, "ಬುದ್ಧಿ ಮಕ್ಳುದು. ಗುಣ ತೊಂದ್ರೆ ಇಲ್ಲ" ಎಂದರು. ಮಧ್ಯಾಹ್ನ ನಮ್ಮ ಮನೆಯಲ್ಲೇ ಮುದ್ದೆ ಉಂಡು ಹೋದರು. ಹೊರಡುವಾಗ, ಆ ಕೆಲಸಕ್ಕೆ ರಾಜ ಏನು ಕೊಟ್ಟ ಎಂದು ಕೇಳಿದರು. ಭಾಷೆ ಗೊತ್ತಿಲ್ಲ, ಹೊಗಳಿದ ಹಾಗೆ ಕಾಣಿಸುತ್ತೆ ಎಂದೆ. ಅಷ್ಟೇನಾ ಎಂದರು.

ಶ್ರಾವಣದಲ್ಲಿ ನಿಶ್ಚಿತಾರ್ಥವಾಯಿತು. ನಿಶ್ಚಿತಾರ್ಥವಾದ ಗಂಡು ಬಂದು ಹಗಲು ಹೊತ್ತು ಟಿವಿ ನೋಡಿದರೆ ತಪ್ಪೇನಿಲ್ಲ ಎಂದು ಅವರೇ ಹೇಳಿಕಳಿಸಿದ ಮೇಲೆ ನಾನು ನಾಗಮಂಗಲಕ್ಕೆ ಹೋದೆ. ಕಲರ್ ಟಿವಿಯಲ್ಲಿ ಮೂರನೆಯದನ್ನು ಅಂದು ಮೊದಲು ನೋಡಿದ್ದು. ಅದಕ್ಕೆ ರಾಜನ ಅಕ್ಷರಗಳ ಕಾಟವಿರಲಿಲ್ಲ. ಕ್ಯಾಸೆಟ್ಟಿನೊಳಗೇ ಒಂದು ಬ್ಯಾಟರಿ ಕೂತು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಇಷ್ಟು ಸುಲಭವಾದ ಮೇಲೆ ಗೆಲುವಿಗೆ ಏನು ಬೆಲೆ ಎಂದು ನಾನು ಕೊಂಕು ತೆಗೆದೆ. ಹಸಿರು ಬಯಲು, ನೀಲಿ ಸಮುದ್ರ, ಬಣ್ಣಬಣ್ಣದ ಪಿಶಾಚಿಗಳು. ಬಣ್ಣ ಜಾಸ್ತಿಯಾಯಿತು ಎಂದೂ ಹೇಳಿದೆ. ನಮ್ಮ ಮನೆಯಲ್ಲಿ ಒಂದನೆಯದು ಕಪ್ಪುಬಿಳುಪಾಗಿ ಕಾಣುತ್ತಿದ್ದದ್ದಕ್ಕೆ ನಮ್ಮ ಟಿವಿ ಕಾರಣ, ಆಟದ ಘನತೆಯಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಅವಳು ತನ್ನ ನಾಲ್ಕು ಜನರನ್ನು ನಡೆಸುತ್ತಿದ್ದಳು. ಕೊನೆಯ ರಾಕ್ಷಸನನ್ನು ಆಗಲೇ ಕೊಂದಿದ್ದಳು. ಆಟ ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲವಂತೆ, ಒಂದು ದೊಡ್ಡ ಹೊಂಡ ಸಿಕ್ಕಿತ್ತಂತೆ. "ಇದರೊಳಗೆ ಇನ್ನೂ ಹೋಗಿಲ್ಲ" ಎಂದಳು. ನಾಲ್ವರೂ ಹೊಂಡಕ್ಕೆ ಹಾರಿದರು.

ಕೆಳಗೆ ಬೇರೆ ಲೋಕ. ಕತ್ತಲೆ ಲೋಕ. ದೋಣಿಯಲ್ಲಿ ಸ್ವಲ್ಪ ಹೋದಳು, ದಡ ಹತ್ತಿದಳು. ಒಂದು ಅರಮನೆ ಬಂತು. ಅದರ ಮಗ್ಗುಲಲ್ಲಿ ಊರು. ನೀರಿನ ಆಚೆ ದಡದಲ್ಲಿ ಒಂದು ಕೋಟೆ.

ನಾನು ಕೂತಲ್ಲಿಂದ ಎದ್ದುಬಿಟ್ಟೆ. "ಇದು ನಮ್ಮೂರು!"

"ಯಾವ ನಿಮ್ಮೂರು?"

"ಒಂದನೇದು. ಇದು ಒಂದನೇದರ ನೆಲ. ಈ ಕೋಟೆ, ಈ ನೀರು... ಕೆಳಗೆ ಹೋಗಿ, ದಕ್ಷಿಣಕ್ಕೆ. ಅಲ್ಲೊಂದು ಹಾಳೂರು ಇರಬೇಕು."

ಅವಳು ಹೋದಳು. ನಾನು ದಾರಿ ಹೇಳುತ್ತಿದ್ದೆ, ನಮ್ಮ ತೊಣ್ಣೂರಿನ ದಾರಿ ಹೇಳಿದಷ್ಟೇ ಸಲೀಸಾಗಿ. ಮರಳುಗಾಡಿನ ನಡುವೆ ಊರು ಇದ್ದೇ ಇತ್ತು. ಆದರೆ ಹಾಳಾಗಿರಲಿಲ್ಲ. ನನ್ನ ಆಟದಲ್ಲಿ ಅಲ್ಲಿ ಗೋಡೆಗಳು ಬಿದ್ದಿದ್ದವು, ಒಂದು ನರಪಿಳ್ಳೆಯೂ ಇರಲಿಲ್ಲ, ನೆಲದ ತುಂಬ ಪಿಶಾಚಿಗಳು. ಇಲ್ಲಿ ಜನ ಓಡಾಡುತ್ತಿದ್ದರು. ಒಬ್ಬ ಅಂಗಡಿ ಇಟ್ಟುಕೊಂಡು ನಿಂತಿದ್ದ. ಆ ಅಂಗಡಿ ಇದ್ದ ಜಾಗದಲ್ಲಿ ನಾನು ಎಷ್ಟು ಸಲ ಸತ್ತಿದ್ದೆನೋ ಲೆಕ್ಕವಿಲ್ಲ. ಅವನು ಅವಳ ಜೊತೆ ಏನೋ ಮಾತಾಡಿದ, ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಮುಂದೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲ ಎಂದು ನನಗೆ ತಟ್ಟನೆ ಅನಿಸಿತು. ಇಪ್ಪತ್ತೇಳು ವರ್ಷದ ಮೇಷ್ಟ್ರು, ಭಾವಿ ಮಾವನ ಮನೆಯಲ್ಲಿ, ಟಿವಿಯೊಳಗಿನ ಒಬ್ಬ ಅಂಗಡಿಯವನಿಗಾಗಿ ಕಣ್ಣು ತೇವ ಮಾಡಿಕೊಂಡು ನಿಂತಿದ್ದೆ.

ಅವಳು ನನ್ನನ್ನೇ ನೋಡಿದಳು. "ಊರು ಮೊದಲು ಚೆನ್ನಾಗಿರುತ್ತೆ, ಆಮೇಲೆ ಹಾಳಾಗುತ್ತೆ ಅಲ್ವಾ?" ಎಂದಳು ನಿಧಾನವಾಗಿ. "ಹಂಗಾದ್ರೆ ಮೂರನೇದೇ ಮೊದಲು. ನಿಮ್ಮ ಒಂದನೇದು ಆಮೇಲಿಂದು. ನಿಮ್ಮ ಒಂಟಿ ವೀರ ನಮ್ಮ ನಾಲ್ಕು ಜನದಲ್ಲಿ ಯಾರದೋ ಮೊಮ್ಮಗನೋ ಮರಿಮಗನೋ."

ಇಷ್ಟು ದಿನ ನಾನು ಎತ್ತಿ ಹಿಡಿದಿದ್ದ ತಪಸ್ಸು, ಘನತೆ, ಏಕಾಂತ ಎಲ್ಲವೂ ಒಂದು ಹೆಂಡದಂಗಡಿಯಲ್ಲಿ ಶುರುವಾದದ್ದು ಎಂದು ಸಾಬೀತಾಗಿತ್ತು. ಒಂದು ಸಮಾಧಾನವಿತ್ತು. ಒಂದನೆಯದನ್ನು ಆಡಿದ ನಾನು ಪಕ್ಕದಲ್ಲಿ ಇಲ್ಲದಿದ್ದರೆ ಅವಳಿಗೆ ಆ ಊರು ಬರೀ ಒಂದು ಊರಾಗಿರುತ್ತಿತ್ತು. ಇದನ್ನು ಅವಳಿಗೆ ಹೇಳಿದೆ. "ಸರಿ, ಅಷ್ಟು ಒಪ್ಕೊಳ್ತೀನಿ" ಎಂದಳು. ನಮ್ಮ ದಾಂಪತ್ಯದಲ್ಲಿ ನನಗೆ ಸಿಕ್ಕ ದೊಡ್ಡ ರಿಯಾಯಿತಿಗಳಲ್ಲಿ ಅದೂ ಒಂದು.

ಮದುವೆಯಾದ ಮೇಲೆ ಅವಳಿಗೆ ಶ್ರೀರಂಗಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಮನೆ ಮಾಡಿದೆವು. ಅವ್ವನೂ ಎಮ್ಮೆಯೂ ತೊಣ್ಣೂರಿನ ಕಡೆಗೆ ವಾಪಸಾದರು. ನಾನು ಬಸ್ಸಿನಲ್ಲಿ ಪಾಂಡವಪುರಕ್ಕೆ ಓಡಾಡಿಕೊಂಡಿದ್ದೆ. ಮದುವೆಯ ಉಡುಗೊರೆಯೆಂದು ಭಾವ ಎರಡನೆಯ ಕ್ಯಾಸೆಟ್ಟನ್ನು ಕೊಟ್ಟಿದ್ದರು. ಅದನ್ನು ಜೊತೆಯಾಗಿ ಆಡಿ, ಮೂರರಲ್ಲಿ ಇದೇ ಕಳಪೆ ಎಂದು ಇಬ್ಬರೂ ಒಮ್ಮತದಿಂದ ತೀರ್ಮಾನಿಸಿದೆವು. ಛತ್ರದ ರಾಜಕುಮಾರನನ್ನು ಅವಳು ಮಾತ್ರ ಬೈಯಲಿಲ್ಲ. "ಎಲ್ಲ ಮನೇಲೂ ಇಂಥವನೊಬ್ಬ ಇರ್ತಾನೆ" ಎಂದು ನನ್ನ ಕಡೆ ನೋಡದೆ ಹೇಳಿದಳು.

ಮುಂದಿನ ವರ್ಷ ಭಾವ ನಾಲ್ಕನೆಯದನ್ನು ತಂದುಕೊಟ್ಟರು. ಒಬ್ಬರಿಲ್ಲದಾಗ ಇನ್ನೊಬ್ಬರು ಮುಟ್ಟಬಾರದು ಎಂದು ಮಾತಾಯಿತು. ಒಂದು ಶನಿವಾರ ನನಗೆ ಬೆಳಗಿನ ಶಾಲೆ ಬೇಗ ಬಿಟ್ಟಿತು. ಅವಳು ಬರುವುದರೊಳಗೆ ಸ್ವಲ್ಪ ನೋಡೋಣ ಎಂದು 'ಸ್ವಲ್ಪ' ಆಡಿದೆ. ಸಂಜೆ ಅವಳು ಆನ್ ಮಾಡಿದಾಗ ಆಟದೊಳಗಿನ ನಮ್ಮ ಸಿಪಾಯಿ ಹಿಂದಿನ ದಿನಕ್ಕಿಂತ ಮೂರು ಮೆಟ್ಟಿಲು ಬಲಿಷ್ಠನಾಗಿದ್ದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಫ್ ಮಾಡಿ ಅಡುಗೆಮನೆಗೆ ಹೋದಳು. ನಾನು ಕ್ಷಮೆ ಕೇಳಿದೆ. ಪರವಾಗಿಲ್ಲ ಬಿಡಿ ಎಂದಳು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ನಾನು ಖುಷಿಪಟ್ಟೆ.

ಏಪ್ರಿಲ್ಲಿನಲ್ಲಿ ನನ್ನನ್ನು ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಮೈಸೂರಿಗೆ ಹಾಕಿದರು. ಹನ್ನೆರಡು ದಿನ ಅಲ್ಲೇ ಉಳಿದೆ. ಅವಳಿಗೆ ಬೇಸಿಗೆ ರಜೆ. ವಾಪಸು ಬಂದಾಗ ಆಟದ ಪೆಟ್ಟಿಗೆಯ ವೈರುಗಳನ್ನು ನೀಟಾಗಿ ಸುತ್ತಿ ಬೀರುವಿನ ಮೇಲಿಟ್ಟಿದ್ದಳು. ನಾಲ್ಕನೆಯದು ಪೂರ್ತಿ ಮುಗಿದಿತ್ತು.

"ಕೊನೇಲಿ ಏನಾಗುತ್ತೆ?" ಎಂದು ಕೇಳಿದೆ.

ಅವಳು ಅಕ್ಕಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ಚೆನ್ನಾಗಿ ಮುಗಿಯುತ್ತೆ" ಎಂದಳು. "ಕೈಕಾಲು ತೊಳ್ಕೊಂಡು ಬನ್ನಿ, ಊಟಕ್ಕಿಡ್ತೀನಿ."